ಯಾವ ರಾಜ, ಯಾವ ಮಗಳು: ಇಂಗ್ಲಿಷಿನ ‘ಎ’ ಮತ್ತು ‘ದಿ’

1967ರ ನವೆಂಬರ್ 22ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಒಂದು ನಿರ್ಣಯವನ್ನು ಸರ್ವಾನುಮತದಿಂದ ಅಂಗೀಕರಿಸಿತು. ಅದರ ಸಂಖ್ಯೆ 242. ಆ ವರ್ಷದ ಜೂನ್ ತಿಂಗಳಲ್ಲಿ ಆರು ದಿನ ನಡೆದ ಯುದ್ಧದಲ್ಲಿ ಸಿನಾಯ್, ಗಾಜಾ, ವೆಸ್ಟ್ ಬ್ಯಾಂಕ್, ಪೂರ್ವ ಜೆರುಸಲೇಮ್ ಮತ್ತು ಗೋಲಾನ್ ದಿಬ್ಬಗಳು ಇಸ್ರೇಲಿನ ಕೈಗೆ ಹೋಗಿದ್ದವು. ಈ ಸಂಘರ್ಷದಲ್ಲಿ ಆಕ್ರಮಿಸಿಕೊಂಡ ಪ್ರದೇಶಗಳಿಂದ ಇಸ್ರೇಲಿ ಸೇನೆ ಹಿಂದೆ ಸರಿಯಬೇಕು ಎಂದು ನಿರ್ಣಯ ಹೇಳಿತು. ಇಂಗ್ಲಿಷ್ ಪಠ್ಯದಲ್ಲಿದ್ದ ಮಾತು ‘ಫ್ರಂ ಟೆರಿಟರೀಸ್ ಆಕ್ಯುಪೈಡ್’ ಎಂದು. ‘ಫ್ರಂ ದಿ ಟೆರಿಟರೀಸ್’ ಎಂದು ಇರಲಿಲ್ಲ.

ಆ ಒಂದು ‘ದಿ’ ಇಲ್ಲದ್ದರಿಂದ ಎಷ್ಟು ವಾದ ನಡೆಯಿತೆಂದರೆ, ಅದರ ಮೇಲೆ ಬಂದ ಬರಹಗಳೇ ಒಂದು ಗ್ರಂಥಾಲಯವಾದಾವು. ‘ದಿ’ ಇಲ್ಲ, ಆದ್ದರಿಂದ ಎಲ್ಲ ಪ್ರದೇಶಗಳನ್ನೂ ಬಿಡಬೇಕೆಂದು ಇಲ್ಲಿ ಹೇಳಿಲ್ಲ ಎಂಬುದು ಇಸ್ರೇಲಿನ ವಾದ. ಫ್ರೆಂಚ್ ಪಠ್ಯವೂ ಅಷ್ಟೇ ಅಧಿಕೃತ, ಅದರಲ್ಲಿ ‘ದಿ’ಗೆ ಸಮನಾದ ರೂಪ ಇದೆ, ಆದ್ದರಿಂದ ಯುದ್ಧದಲ್ಲಿ ಹೋದದ್ದೆಲ್ಲ ವಾಪಸು ಬರಬೇಕು ಎಂಬುದು ಅರಬ್ ರಾಷ್ಟ್ರಗಳ ವಾದ. ಆಗ ಭದ್ರತಾ ಮಂಡಳಿಯಲ್ಲಿ ಭಾರತವೂ ಸದಸ್ಯ ರಾಷ್ಟ್ರವಾಗಿತ್ತು. ಭಾರತದ ಪ್ರತಿನಿಧಿ ಜಿ. ಪಾರ್ಥಸಾರಥಿ ಮತದಾನಕ್ಕೂ ಮೊದಲೇ ತಮ್ಮ ದೇಶ ಈ ವಾಕ್ಯವನ್ನು ಎಲ್ಲ ಪ್ರದೇಶಗಳಿಂದಲೂ ಹಿಂದೆ ಸರಿಯಬೇಕು ಎಂದೇ ಅರ್ಥ ಮಾಡಿಕೊಂಡಿದೆ ಎಂದು ಸಭೆಯ ದಾಖಲೆಗೆ ಸೇರಿಸಿದರು. ಇಂಗ್ಲಿಷ್ ತಾಯ್ನುಡಿಯಲ್ಲದ ದೇಶವೊಂದರ ರಾಜತಾಂತ್ರಿಕರು ಆ ಖಾಲಿ ಜಾಗವನ್ನು ಗಮನಿಸಿದ್ದರು, ಅದನ್ನು ಹಾಗೇ ಬಿಡಲಿಲ್ಲ.

ಇಂಗ್ಲಿಷ್ ಕಲಿಯುವ ಕನ್ನಡಿಗರು ಹೆಚ್ಚು ಸಲ ಕೇಳುವ ಪ್ರಶ್ನೆಯೂ ಇದೇ: ಎಲ್ಲಿ ‘ಎ’, ಎಲ್ಲಿ ‘ದಿ’, ಎಲ್ಲಿ ಏನೂ ಬೇಡ? ಬ್ಯಾಂಕ್ ಪರೀಕ್ಷೆಗೆ ಓದುವ ಹುಡುಗಿ ಕೇಳುತ್ತಾಳೆ, ಅಮೆರಿಕದ ಗ್ರಾಹಕನಿಗೆ ದಿನವೂ ಇಮೇಲ್ ಬರೆಯುವ ಎಂಜಿನಿಯರ್ ಕೇಳುತ್ತಾರೆ, ಹಳ್ಳಿ ಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುವ ಮೇಷ್ಟರೂ ಕೇಳುತ್ತಾರೆ. ಕಾಲ, ವಚನ, ಕ್ರಿಯಾಪದ ಎಲ್ಲ ಕೈಗೆ ಹತ್ತಿದವರನ್ನೂ ‘ಎ’, ‘ಆ್ಯನ್’, ‘ದಿ’ ಎಂಬ ಈ ಆರ್ಟಿಕಲ್‌ಗಳು ಕೊನೆಯವರೆಗೆ ಕಾಡುತ್ತವೆ. ತಪ್ಪಿಸಿಕೊಂಡು ಹೋಗಲು ದಾರಿಯೂ ಇಲ್ಲ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಪದವೇ ‘ದಿ’. ಬ್ರಿಟನ್ನಿನ ಮಾತು ಮತ್ತು ಬರಹಗಳಿಂದ ಹತ್ತು ಕೋಟಿ ಪದಗಳನ್ನು ಕಲೆಹಾಕಿದ ‘ಬ್ರಿಟಿಷ್ ನ್ಯಾಷನಲ್ ಕಾರ್ಪಸ್’ನಲ್ಲಿ ನೂರು ಪದಕ್ಕೆ ಸುಮಾರು ಆರು ಸಲ ಅದು ಬರುತ್ತದೆ.

ಶಾಲೆಯಲ್ಲಿ ಹೇಳಿಕೊಡುವುದು ಒಂದು ಪಟ್ಟಿ. ಸೂರ್ಯ, ಚಂದ್ರ, ಭೂಮಿಗೆ ‘ದಿ’. ನದಿಗೆ, ಸಮುದ್ರಕ್ಕೆ, ಧರ್ಮಗ್ರಂಥಕ್ಕೆ ‘ದಿ’. ವ್ಯಕ್ತಿಯ ಹೆಸರಿಗೆ ಬೇಡ. ಈ ಪಟ್ಟಿಯಲ್ಲಿ ತಪ್ಪೇನೂ ಇಲ್ಲ. ಆದರೆ ಅದು ನಾಮಪದವನ್ನು ನೋಡಿ ತೀರ್ಮಾನ ಮಾಡಲು ಕಲಿಸುತ್ತದೆ. ತೊಂದರೆ ಶುರುವಾಗುವುದು ಅಲ್ಲೇ. ‘ಬುಕ್’ ಎಂಬ ಪದದೊಳಗೆ ‘ಎ’ಯೂ ಇಲ್ಲ, ‘ದಿ’ಯೂ ಇಲ್ಲ. ಯಾವ ಪುಸ್ತಕದ ಮಾತು ನಡೆಯುತ್ತಿದೆ ಎಂಬುದು ಎದುರಿಗಿರುವವರಿಗೆ ಗೊತ್ತಿದೆಯೇ ಇಲ್ಲವೇ ಎಂಬುದರಿಂದ ಆರ್ಟಿಕಲ್ ಹುಟ್ಟುತ್ತದೆ. ಗೊತ್ತಿದೆ ಎಂದು ಮಾತಾಡುವವರು ನಂಬಿದ್ದರೆ ‘ದಿ’. ಇಲ್ಲ, ಹೊಸದಾಗಿ ಹೇಳುತ್ತಿದ್ದಾರೆ ಎಂದಾದರೆ ‘ಎ’. ಸೂರ್ಯನಿಗೆ ‘ದಿ’ ಬಂದದ್ದು ಕೂಡ ‘ಯಾವ ಸೂರ್ಯ?’ ಎಂದು ಯಾರೂ ಕೇಳುವುದಿಲ್ಲವಾದ್ದರಿಂದ. ಖಗೋಳ ವಿಜ್ಞಾನಿ ದೂರದ ನಕ್ಷತ್ರವೊಂದನ್ನು ತೋರಿಸಿ ಅದೂ ‘ಎ ಸನ್’ ಎಂದರೆ ಅದು ಸರಿಯಾದ ಇಂಗ್ಲಿಷೇ.

ಕನ್ನಡದಲ್ಲಿ ಆರ್ಟಿಕಲ್ ಇಲ್ಲ, ಆದ್ದರಿಂದ ನಮಗೆ ಇದು ಹತ್ತುವುದಿಲ್ಲ ಎಂಬ ಮಾತನ್ನು ಮೇಷ್ಟರುಗಳೇ ಹೇಳುವುದುಂಟು. ಮೊದಲ ಅರ್ಧ ನಿಜ. ಆರ್ಟಿಕಲ್ ಇಲ್ಲದಿರುವುದು ಭಾಷೆಗೊಂದು ಕೊರತೆಯೂ ಅಲ್ಲ. ಸಂಸ್ಕೃತಕ್ಕೆ, ಲ್ಯಾಟಿನ್ನಿಗೆ ಇರಲಿಲ್ಲ. ರಷ್ಯನ್, ಜಪಾನೀಸ್, ಚೀನೀ ಭಾಷೆಗಳಿಗೆ ಇಲ್ಲ. ಭಾಷಾವಿಜ್ಞಾನಿ ಮ್ಯಾಥ್ಯೂ ಡ್ರೈಯರ್ ಜಗತ್ತಿನ 620 ಭಾಷೆಗಳನ್ನು ಪರಿಶೀಲಿಸಿದಾಗ 198ರಲ್ಲಿ ‘ಎ’ ಬಗೆಯದೂ ಇರಲಿಲ್ಲ, ‘ದಿ’ ಬಗೆಯದೂ ಇರಲಿಲ್ಲ. ಮಾತಿನ ಉಳಿದರ್ಧ ಮಾತ್ರ ಸರಿಯಲ್ಲ. ಕೇಳುವವರಿಗೆ ಗೊತ್ತಿದೆಯೇ ಎಂಬ ಲೆಕ್ಕವನ್ನು ಕನ್ನಡಿಗರು ಮಾತು ಕಲಿತಂದಿನಿಂದ ಹಾಕುತ್ತಲೇ ಇರುತ್ತಾರೆ.

ಅಜ್ಜಿ ಹೇಳುವ ಯಾವ ಕಥೆಯನ್ನಾದರೂ ನೆನಪಿಸಿಕೊಳ್ಳಿ. ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಒಬ್ಬಳು ಮಗಳು. ಮಗಳಿಗೆ ಹೂವೆಂದರೆ ಪ್ರಾಣ. ಮೊದಲ ವಾಕ್ಯದಲ್ಲಿ ರಾಜ ಹೊಸಬ, ಆದ್ದರಿಂದ ‘ಒಬ್ಬ’. ಎರಡನೆಯದರಲ್ಲಿ ಅವನ ಪರಿಚಯ ಆಗಿದೆ, ಆದ್ದರಿಂದ ‘ಆ’. ಇಂಗ್ಲಿಷಿನಲ್ಲಿ ಹೇಳುವವರು ‘ಎ ಕಿಂಗ್’ ಎಂದು ಶುರು ಮಾಡಿ ‘ದಿ ಕಿಂಗ್’ ಎಂದು ಮುಂದುವರಿಸುವುದು ಇದನ್ನೇ. ಅಷ್ಟೇಕೆ, ‘ದಿ’ ಹುಟ್ಟಿದ್ದು ಹಳೆಯ ಇಂಗ್ಲಿಷಿನಲ್ಲಿ ‘ಆ’, ‘ಅದು’ ಎಂಬ ಅರ್ಥವಿದ್ದ ಪದಗಳಿಂದ. ‘ಎ’, ‘ಆ್ಯನ್’ ಹುಟ್ಟಿದ್ದು ‘ಒಂದು’ ಎಂಬ ಅರ್ಥದ ಪದದಿಂದ. ನಮ್ಮ ಅಜ್ಜಿಯ ‘ಒಬ್ಬ’ ಮತ್ತು ‘ಆ’ ಇನ್ನೂ ತಮ್ಮ ಪೂರ್ತಿ ಅರ್ಥವನ್ನು ಇಟ್ಟುಕೊಂಡಿವೆ. ಇಂಗ್ಲಿಷಿನವು ಸವೆದು, ಸಣ್ಣದಾಗಿ, ಕಡ್ಡಾಯವಾಗಿಬಿಟ್ಟಿವೆ.

ಮೂರನೆಯ ವಾಕ್ಯವನ್ನು ಮತ್ತೊಮ್ಮೆ ನೋಡಬೇಕು. ‘ಮಗಳಿಗೆ ಹೂವೆಂದರೆ ಪ್ರಾಣ.’ ಯಾವ ಮಗಳು ಎಂಬುದರಲ್ಲಿ ಈಗ ಸಂಶಯವೇ ಇಲ್ಲ, ಹಾಗಾಗಿ ಕನ್ನಡ ‘ಆ’ ಎನ್ನುವುದನ್ನೂ ಬಿಟ್ಟುಬಿಟ್ಟಿತು. ಇಂಗ್ಲಿಷ್ ಬಿಡುವುದಿಲ್ಲ, ಅಲ್ಲಿ ‘ದಿ ಡಾಟರ್’ ಎನ್ನಲೇಬೇಕು. ಕನ್ನಡಿಗರ ಇಂಗ್ಲಿಷಿನಲ್ಲಿ ‘ದಿ’ ಕಳೆದುಹೋಗುವ ಜಾಗ ಹೆಚ್ಚಾಗಿ ಇಂಥದ್ದೇ. ವಿಷಯ ಅತ್ಯಂತ ಸ್ಪಷ್ಟವಾಗಿರುವ ಕಡೆಯೇ ಅದು ಬಿದ್ದುಹೋಗುತ್ತದೆ. ‘ಮ್ಯಾನೇಜರ್ ಹ್ಯಾಸ್ ಅಪ್ರೂವ್ಡ್, ಫೈಲ್ ಈಸ್ ಆನ್ ಟೇಬಲ್’ ಎಂದು ಬರೆಯುವ ಗುಮಾಸ್ತರಿಗೆ ಯಾವ ಮ್ಯಾನೇಜರ್, ಯಾವ ಫೈಲ್, ಯಾವ ಮೇಜು ಎಂಬುದು ಚೆನ್ನಾಗಿ ಗೊತ್ತು, ಓದುವವರಿಗೂ ಗೊತ್ತು. ಹಾಗಿದ್ದ ಮೇಲೆ ಇನ್ನೊಮ್ಮೆ ಹೇಳುವುದೇಕೆ ಎನ್ನುತ್ತದೆ ಕನ್ನಡದ ಮನಸ್ಸು. ಭಾರತೀಯರ ಇಂಗ್ಲಿಷಿನಲ್ಲಿ ಆರ್ಟಿಕಲ್ ಬಳಕೆಯ ಬಗ್ಗೆ ಭಾಷಾವಿಜ್ಞಾನಿ ದೇವಯಾನಿ ಶರ್ಮ 2005ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದಕ್ಕೆ ಹತ್ತಿರದ ಮಾತನ್ನೇ ಹೇಳುತ್ತದೆ: ಸಂದರ್ಭದಿಂದಲೇ ತಿಳಿಯುವ ಕಡೆ ಆರ್ಟಿಕಲ್ ಹೆಚ್ಚು ಬಿಟ್ಟುಹೋಗುತ್ತದೆ. ಇದು ಅಜಾಗರೂಕತೆಯಲ್ಲ, ಇದಕ್ಕೊಂದು ಕ್ರಮವಿದೆ. ಕಲಿಸುವವರು ಆ ಕ್ರಮವನ್ನು ಗುರುತಿಸಿದರೆ ತಿದ್ದುವುದು ಎಷ್ಟೋ ಸುಲಭ. ‘ತೀರಾ ಗೊತ್ತಿರುವ ಕಡೆಯೇ ದಿ ಹಾಕು’ ಎಂಬ ಒಂದು ಮಾತು ಪಟ್ಟಿಯ ಅರ್ಧ ಕೆಲಸ ಮಾಡುತ್ತದೆ.

ಕನ್ನಡದ ಬೇರೆ ಉಪಾಯಗಳೂ ಇವೆ. ‘ಮೇಜಿನ ಮೇಲೆ ಪುಸ್ತಕ ಇದೆ’ ಎಂದರೆ ಯಾವುದೋ ಒಂದು ಪುಸ್ತಕ. ‘ಪುಸ್ತಕ ಮೇಜಿನ ಮೇಲಿದೆ’ ಎಂದರೆ ನೀವು ಕೇಳುತ್ತಿದ್ದ ಪುಸ್ತಕ. ಪದಗಳ ಜಾಗ ಬದಲಾಯಿಸಿದ್ದಷ್ಟೇ, ‘ಎ’ ಹೋಗಿ ‘ದಿ’ ಬಂತು. ದ್ವಿತೀಯಾ ವಿಭಕ್ತಿಯೂ ಇದೇ ಕೆಲಸ ಮಾಡುತ್ತದೆ. ‘ಪುಸ್ತಕ ಹುಡುಕ್ತಿದ್ದೀನಿ’ ಎಂದವರಿಗೆ ಯಾವುದಾದರೂ ಪುಸ್ತಕ ಸಿಕ್ಕರೂ ಆದೀತು. ‘ಪುಸ್ತಕವನ್ನ ಹುಡುಕ್ತಿದ್ದೀನಿ’ ಎಂದವರ ಮನಸ್ಸಿನಲ್ಲಿ ಇಂಥದ್ದೇ ಒಂದು ಪುಸ್ತಕ ಇದೆ. ಕನ್ನಡದ ಈ ‘ಅನ್ನು’ ಪ್ರತ್ಯಯದ ಮೇಲೆ ಅಮೆರಿಕದ ಭಾಷಾವಿಜ್ಞಾನಿ ಜೆಫ್ರಿ ಲಿಡ್ಜ್ 2006ರಲ್ಲಿ ‘ಲ್ಯಾಂಗ್ವೇಜ್’ ಎಂಬ ವಿದ್ವತ್ ಪತ್ರಿಕೆಯಲ್ಲಿ ದೀರ್ಘ ಲೇಖನವನ್ನೇ ಬರೆದಿದ್ದಾರೆ. ನಮ್ಮ ತರಗತಿಗಳಲ್ಲಿ ಮಾತ್ರ ಇದರ ಪ್ರಸ್ತಾಪವೇ ಬರುವುದಿಲ್ಲ. ಕನ್ನಡದಲ್ಲಿ ಈಗಾಗಲೇ ಗೊತ್ತಿರುವುದನ್ನು ತೋರಿಸಿ ಇಂಗ್ಲಿಷ್ ಕಲಿಸುವ ಬದಲು, ಗೊತ್ತೇ ಇಲ್ಲದ್ದನ್ನು ಕಲಿಸುತ್ತಿದ್ದೇವೆ ಎಂದುಕೊಂಡು ಮಕ್ಕಳನ್ನು ಹೆದರಿಸುವುದು ಬೇಸರದ ಸಂಗತಿ.

‘ಎ’ ಬಿಟ್ಟುಹೋದಾಗ ಆಗುವ ನಷ್ಟ ಬೇರೆ ಬಗೆಯದು. 1969ರ ಜುಲೈನಲ್ಲಿ ಚಂದ್ರನ ಮೇಲೆ ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಹೇಳಲು ಹೊರಟದ್ದು, ಇದು ಒಬ್ಬ ಮನುಷ್ಯನಿಗೆ ಪುಟ್ಟ ಹೆಜ್ಜೆ, ಮನುಕುಲಕ್ಕೆ ದೊಡ್ಡ ಜಿಗಿತ ಎಂದು. ‘ಫಾರ್ ಎ ಮ್ಯಾನ್’ ಎಂದಿದ್ದರೆ ಒಬ್ಬ ಮನುಷ್ಯ. ಭೂಮಿಯಲ್ಲಿ ಕೇಳಿದವರ ಕಿವಿಗೆ ಬಿದ್ದದ್ದು ‘ಫಾರ್ ಮ್ಯಾನ್’. ಇಂಗ್ಲಿಷಿನಲ್ಲಿ ಆರ್ಟಿಕಲ್ ಇಲ್ಲದ ‘ಮ್ಯಾನ್’ ಎಂದರೆ ಇಡೀ ಮನುಷ್ಯಜಾತಿ. ಆಗ ವಾಕ್ಯದ ಎರಡು ಅರ್ಧಗಳೂ ಮನುಕುಲದ ಬಗ್ಗೆಯೇ ಆಗಿ, ಪುಟ್ಟದು ಮತ್ತು ದೊಡ್ಡದು ಎಂಬ ಹೋಲಿಕೆ ಕುಸಿದುಬೀಳುತ್ತದೆ. ತಾವು ‘ಎ’ ಹೇಳಲು ಉದ್ದೇಶಿಸಿದ್ದಾಗಿ ಆರ್ಮ್‌ಸ್ಟ್ರಾಂಗ್ ನಂತರ ಹೇಳಿದರು. 2006ರಲ್ಲಿ ಆಸ್ಟ್ರೇಲಿಯಾದ ಪೀಟರ್ ಶಾನ್ ಫೋರ್ಡ್ ಎಂಬ ಕಂಪ್ಯೂಟರ್ ತಜ್ಞರು ಧ್ವನಿಮುದ್ರಣವನ್ನು ವಿಶ್ಲೇಷಿಸಿ, ಕಿವಿಗೆ ಕೇಳದಷ್ಟು ಚುಟುಕಾಗಿ ಆ ‘ಎ’ ಅಲ್ಲಿದೆ ಎಂದರು. ಎಲ್ಲರೂ ಅದನ್ನು ಒಪ್ಪಿಲ್ಲ. ಚಂದ್ರನಿಂದ ಬಂದ ವಾಕ್ಯದಲ್ಲೂ ಜನ ಹುಡುಕುತ್ತಿರುವುದು ಒಂದು ಆರ್ಟಿಕಲ್ಲನ್ನು.

ನಮ್ಮವರು ‘ಎ’ ಬಿಡುವುದು ಎಲ್ಲಿ? ಬಹುಪಾಲು ಉದ್ಯೋಗ ಹೇಳುವಾಗ. ಕನ್ನಡದಲ್ಲಿ ‘ನಮ್ಮಪ್ಪ ರೈತ’, ‘ಅಕ್ಕ ಡಾಕ್ಟರ್’ ಎನ್ನುತ್ತೇವೆ. ‘ನಮ್ಮಪ್ಪ ಒಬ್ಬ ರೈತ’ ಎಂದರೆ ಭಾಷಣದ ಧಾಟಿ ಬರುತ್ತದೆ. ಅದೇ ಅಭ್ಯಾಸದಲ್ಲಿ ‘ಮೈ ಫಾದರ್ ಈಸ್ ಫಾರ್ಮರ್’ ಎಂದುಬಿಡುತ್ತೇವೆ. ಇಂಗ್ಲಿಷಿಗೆ ಅಲ್ಲಿ ‘ಎ ಫಾರ್ಮರ್’ ಬೇಕು. ಒಬ್ಬರೇ ಹಿಡಿಯುವ ಹುದ್ದೆಗೆ ಆಯ್ಕೆ ಅಥವಾ ನೇಮಕ ಆದದ್ದನ್ನು ಹೇಳುವಾಗ ಮಾತ್ರ ಏನೂ ಬೇಡ: ‘ಶಿ ವಾಸ್ ಎಲೆಕ್ಟೆಡ್ ಪ್ರೆಸಿಡೆಂಟ್’. ಇನ್ನು ‘ಅಡ್ವೈಸ್’, ‘ಇನ್ಫರ್ಮೇಶನ್’, ‘ಫರ್ನಿಚರ್’, ‘ಲಗೇಜ್’ ಇವುಗಳನ್ನು ಇಂಗ್ಲಿಷ್ ಎಣಿಸುವುದಿಲ್ಲ, ನೀರಿನ ಹಾಗೆ ಒಟ್ಟಾಗಿ ಕಾಣುತ್ತದೆ. ನಾವು ಒಂದು ಸಲಹೆ, ಎರಡು ಸಲಹೆ ಎಂದು ಎಣಿಸುವವರು, ಆದ್ದರಿಂದ ‘ಆ್ಯನ್ ಅಡ್ವೈಸ್’ ಎಂದು ಬಾಯಿಗೆ ಬರುತ್ತದೆ. ಇಲ್ಲಿ ತರ್ಕ ನೆರವಿಗೆ ಬರುವುದಿಲ್ಲ, ಈ ಪದಗಳನ್ನು ನೆನಪಿಟ್ಟುಕೊಳ್ಳುವುದೇ ದಾರಿ.

ಒಂದೇ ‘ಎ’ ಅರ್ಥವನ್ನು ತಲೆಕೆಳಗು ಮಾಡುವ ಜಾಗವೂ ಒಂದಿದೆ. ‘ದೇರ್ ಈಸ್ ಎ ಲಿಟಲ್ ಹೋಪ್’ ಎಂದರೆ ಸ್ವಲ್ಪ ಭರವಸೆ ಇದೆ. ‘ದೇರ್ ಈಸ್ ಲಿಟಲ್ ಹೋಪ್’ ಎಂದರೆ ಭರವಸೆ ಇಲ್ಲವೆಂದೇ ಲೆಕ್ಕ. ಐಸಿಯು ಬಾಗಿಲಲ್ಲಿ ನಿಂತ ಮನೆಯವರಿಗೆ ಕಿರಿಯ ವೈದ್ಯರು ಇಂಗ್ಲಿಷಿನಲ್ಲಿ ಹೇಳುವ ಮಾತಿನಲ್ಲಿ ಈ ‘ಎ’ ಇದೆಯೋ ಇಲ್ಲವೋ ಎಂಬುದು ವ್ಯಾಕರಣ ಪುಸ್ತಕದ ಪ್ರಶ್ನೆಯಾಗಿ ಉಳಿಯುವುದಿಲ್ಲ. ‘ಫ್ಯೂ’ ಮತ್ತು ‘ಎ ಫ್ಯೂ’ ಕೂಡ ಹಾಗೆಯೇ. ಆರ್ಟಿಕಲ್ ಪಾಠಕ್ಕೆ ಒಂದೇ ಗಂಟೆ ಸಿಕ್ಕರೆ ಅದರ ಅರ್ಧವನ್ನು ಈ ಜೋಡಿಗಳಿಗೆ ಕೊಡಬೇಕು.

ಏನೂ ಹಾಕಬಾರದ ಕಡೆ ‘ದಿ’ ತುರುಕುವುದು ಹೆಚ್ಚು ಓದಿದವರ ತಪ್ಪು. ಬಿಟ್ಟರೆ ಅಂಕ ಹೋಗುತ್ತದೆ ಎಂದು ಹೆದರಿದವರು ಎಲ್ಲ ಕಡೆ ಹಾಕತೊಡಗುತ್ತಾರೆ. ‘ದಿ ನೇಚರ್ ಈಸ್ ಬ್ಯೂಟಿಫುಲ್’, ‘ದಿ ಸೊಸೈಟಿ ಮಸ್ಟ್ ಚೇಂಜ್’, ‘ದಿ ಲೈಫ್ ಈಸ್ ಶಾರ್ಟ್’ ಎಂಬ ವಾಕ್ಯಗಳು ಕಾಲೇಜು ಪ್ರಬಂಧಗಳಲ್ಲಿ ತುಂಬಿರುತ್ತವೆ. ಇಂಗ್ಲಿಷ್ ಒಂದು ವಸ್ತುವನ್ನೋ ಭಾವವನ್ನೋ ಒಟ್ಟಾರೆಯಾಗಿ ಹೇಳುವಾಗ ಆರ್ಟಿಕಲ್ ಬಳಸುವುದಿಲ್ಲ: ‘ನೇಚರ್’, ‘ಸೊಸೈಟಿ’, ‘ಲೈಫ್’, ‘ರೈಸ್’. ಗಂಗಾವತಿಯಲ್ಲಿ ಭತ್ತ ಬೆಳೆಯುತ್ತಾರೆ ಎನ್ನುವಾಗ ‘ರೈಸ್’ ಸಾಕು. ಒಲೆಯ ಮೇಲಿಟ್ಟ ಅನ್ನ ಸೀಯುತ್ತಿದೆ ಎನ್ನುವಾಗ ‘ದಿ ರೈಸ್’, ಏಕೆಂದರೆ ಇದು ಈ ಮನೆಯ, ಈ ಹೊತ್ತಿನ ಅನ್ನ. ಬಹುವಚನಕ್ಕೂ ಇದೇ ಮಾತು. ಹುಲಿಗಳು ಚೆನ್ನಾಗಿ ಈಜುತ್ತವೆ ಎಂಬ ಸಾಮಾನ್ಯ ಮಾತಿಗೆ ‘ಟೈಗರ್ಸ್’. ನಾಗರಹೊಳೆಯ ಹುಲಿಗಳು ಎಂದಾಗ ‘ದಿ ಟೈಗರ್ಸ್ ಆಫ್ ನಾಗರಹೊಳೆ’.

‘ಗೋಯಿಂಗ್ ಟು ಆಫೀಸ್’ ತಪ್ಪೇ? ಬ್ರಿಟನ್ನಿನಲ್ಲಾಗಲಿ ಅಮೆರಿಕದಲ್ಲಾಗಲಿ ‘ಟು ದಿ ಆಫೀಸ್’ ಎನ್ನುತ್ತಾರೆ. ಆದರೆ ಓದಲು ಹೋಗುವ ಮಗು ‘ಟು ಸ್ಕೂಲ್’, ಮಗುವಿನ ಫೀಸು ಕಟ್ಟಲು ಹೋಗುವ ಅಪ್ಪ ‘ಟು ದಿ ಸ್ಕೂಲ್’. ಶಿಕ್ಷೆ ಅನುಭವಿಸುವವನು ‘ಇನ್ ಪ್ರಿಸನ್’, ಅವನನ್ನು ನೋಡಲು ಹೋದವರು ‘ಇನ್ ದಿ ಪ್ರಿಸನ್’. ಸಂಸ್ಥೆಯ ಮೂಲ ಉದ್ದೇಶಕ್ಕೆ ಹೋದಾಗ ಆರ್ಟಿಕಲ್ ಬೇಡ, ಕಟ್ಟಡಕ್ಕೆ ಹೋದಾಗ ಬೇಕು. ಹಾಗಾದರೆ ಆಸ್ಪತ್ರೆ? ಕಾಯಿಲೆ ಬಿದ್ದ ಬ್ರಿಟಿಷರು ‘ಇನ್ ಹಾಸ್ಪಿಟಲ್’ ಇರುತ್ತಾರೆ, ಅದೇ ಕಾಯಿಲೆಯ ಅಮೆರಿಕನ್ನರು ‘ಇನ್ ದಿ ಹಾಸ್ಪಿಟಲ್’. ತಾಯ್ನುಡಿಯವರೇ ಇಲ್ಲಿ ಎರಡಾಗಿದ್ದಾರೆ. ಆಫೀಸು, ಮಾರ್ಕೆಟ್ಟು, ದೇವಸ್ಥಾನಗಳನ್ನು ಭಾರತೀಯರು ಶಾಲೆಯ ಸಾಲಿಗೆ ಸೇರಿಸಿಕೊಂಡು ‘ದಿ’ ಬಿಟ್ಟರೆ ಅದರಿಂದ ಯಾರಿಗೂ ಯಾವ ಗೊಂದಲವೂ ಆಗುವುದಿಲ್ಲ. ಮಾತಿನಲ್ಲಿ ಅದನ್ನು ಹಿಡಿದು ತಿದ್ದುವ ಅಗತ್ಯ ಈ ಅಂಕಣಕ್ಕೆ ಕಾಣುವುದಿಲ್ಲ. ಕರಾರುಪತ್ರ, ಔಷಧಿಯ ಸೂಚನೆ, ನ್ಯಾಯಾಲಯಕ್ಕೆ ಸಲ್ಲಿಸುವ ಅರ್ಜಿಗಳ ಮಾತು ಬೇರೆ. ಅಲ್ಲಿ ಪ್ರತಿ ‘ಎ’, ಪ್ರತಿ ‘ದಿ’ಯನ್ನೂ ಬೆರಳಿಟ್ಟು ಓದಬೇಕು.

ಹೆಸರುಗಳ ವಿಚಾರಕ್ಕೆ ಬಂದರೆ ಶರಾವತಿಯ ಜೊತೆ ಹೊರಟರೆ ಸಾಕು. ನದಿಗೆ ಆರ್ಟಿಕಲ್ ಬೇಕು: ‘ದಿ ಶರಾವತಿ’. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಅದು ಹುಟ್ಟುತ್ತದೆ. ಊರುಗಳ ಹೆಸರಿಗೆ ಏನೂ ಬೇಡ. ಮುಂದೆ 253 ಮೀಟರ್ ಧುಮುಕುವ ಕಡೆ ‘ಜೋಗ್ ಫಾಲ್ಸ್’. ಜಲಪಾತದ ಹೆಸರಿಗೂ ಬೇಡ, ನಯಾಗರಕ್ಕೂ ಬೇಡ. ಸುತ್ತಲಿನ ಪರ್ವತಶ್ರೇಣಿ ‘ದಿ ವೆಸ್ಟರ್ನ್ ಘಾಟ್ಸ್’, ಆದರೆ ಅದರ ಯಾವುದೇ ಒಂಟಿ ಶಿಖರಕ್ಕೆ ಬೇಡ, ಮುಳ್ಳಯ್ಯನಗಿರಿ ಮುಳ್ಳಯ್ಯನಗಿರಿಯೇ. ಹೊನ್ನಾವರದಲ್ಲಿ ನದಿ ಸೇರುವುದು ‘ದಿ ಅರೇಬಿಯನ್ ಸೀ’. ಕೆರೆ, ಸರೋವರಗಳಿಗೆ ಬೇಡ: ‘ಹಲಸೂರು ಲೇಕ್’. ಬಹುವಚನದ ಹೆಸರುಗಳಿಗೆ ಬೇಕು: ‘ದಿ ನೀಲಗಿರೀಸ್’, ‘ದಿ ಮಾಲ್ಡೀವ್ಸ್’, ‘ದಿ ನೆದರ್‌ಲ್ಯಾಂಡ್ಸ್’.

ದೇಶಗಳ ಹೆಸರಿನ ಮುಂದಿನ ‘ದಿ’ ಕೆಲವೊಮ್ಮೆ ರಾಜಕೀಯ ಆಗುತ್ತದೆ. ಬ್ರಿಟಿಷರು ತಮ್ಮ ಕಾಗದಪತ್ರಗಳಲ್ಲಿ ‘ದಿ ಪಂಜಾಬ್’, ‘ದಿ ಡೆಕ್ಕನ್’, ‘ದಿ ಕಾರ್ನಾಟಿಕ್’ ಎಂದು ಬರೆಯುತ್ತಿದ್ದರು, ‘ದಿ ಸುಡಾನ್’, ‘ದಿ ಉಕ್ರೇನ್’ ಎಂದೂ ಬರೆಯುತ್ತಿದ್ದರು. ‘ದಿ’ ಹಚ್ಚಿದಾಗ ಅದು ದೊಡ್ಡದೊಂದರ ಭಾಗವಾದ ಪ್ರಾಂತ್ಯ ಎಂಬ ಧ್ವನಿ ಬರುತ್ತದೆ. 1991ರಲ್ಲಿ ಸ್ವತಂತ್ರವಾದ ಉಕ್ರೇನ್ ಆ ‘ದಿ’ ತನಗೆ ಬೇಡ ಎಂದಿತು, ಇಂಗ್ಲಿಷ್ ಪತ್ರಿಕೆಗಳು ಕ್ರಮೇಣ ಬಿಟ್ಟವು. ಪಶ್ಚಿಮ ಆಫ್ರಿಕಾದ ಪುಟ್ಟ ದೇಶ ಗ್ಯಾಂಬಿಯಾ ಮಾತ್ರ ತಾನು ‘ದಿ ಗ್ಯಾಂಬಿಯಾ’ ಎಂದೇ ಕರೆಸಿಕೊಳ್ಳುತ್ತದೆ. ಹೆಸರು ಬಂದದ್ದು ನದಿಯಿಂದ. ಅದೇ ಕಾಲಕ್ಕೆ ಸ್ವತಂತ್ರವಾದ ಝಾಂಬಿಯಾದ ಜೊತೆ ಗೊಂದಲ ಆಗದಿರಲಿ ಎಂಬುದೂ ಒಂದು ಕಾರಣವಾಗಿತ್ತು. ಅಮೆರಿಕದ ಒಹಾಯೊ ಸ್ಟೇಟ್ ಯೂನಿವರ್ಸಿಟಿ ತನ್ನ ಹೆಸರಿನ ಮುಂದಿನ ‘ದಿ’ಯನ್ನು ಎಷ್ಟು ಹಚ್ಚಿಕೊಂಡಿದೆ ಎಂದರೆ, 2022ರಲ್ಲಿ ಬಟ್ಟೆಗಳ ಮೇಲೆ ಆ ಪದ ಬಳಸಲು ಟ್ರೇಡ್‌ಮಾರ್ಕನ್ನೇ ಪಡೆಯಿತು. ಪತ್ರಿಕೆಗಳಲ್ಲೂ ಅವರವರ ಇಷ್ಟ: ‘ದಿ ಹಿಂದೂ’ಗೆ ಇದೆ, ‘ಡೆಕ್ಕನ್ ಹೆರಾಲ್ಡ್’ಗೆ ಇಲ್ಲ. ಹೆಸರುಗಳಲ್ಲಿ ಆಯಾ ಸಂಸ್ಥೆ ತನ್ನನ್ನು ಹೇಗೆ ಬರೆದುಕೊಳ್ಳುತ್ತದೋ ಅದೇ ನಿಯಮ.

ಇನ್ನು ‘ಎ’ ಬೇಕೋ ‘ಆ್ಯನ್’ ಬೇಕೋ ಎಂಬ ಪ್ರಶ್ನೆ. ಸ್ವರಾಕ್ಷರದ ಮುಂದೆ ‘ಆ್ಯನ್’ ಎಂದು ಕಲಿತ ಮಕ್ಕಳು ‘ಯೂನಿವರ್ಸಿಟಿ’ಗೆ ಬಂದು ಎಡವುತ್ತಾರೆ, ಏಕೆಂದರೆ ಇಂಗ್ಲಿಷ್ ಕಾಗುಣಿತದಲ್ಲಿ ಅದರ ಮೊದಲಕ್ಷರ ಸ್ವರ. ನೋಡಬೇಕಾದ್ದು ಉಚ್ಚಾರವನ್ನು, ಅಕ್ಷರವನ್ನಲ್ಲ. ಇಲ್ಲಿ ಕನ್ನಡ ಓದಬಲ್ಲವರಿಗೆ ಒಂದು ದೊಡ್ಡ ಅನುಕೂಲ ಇದೆ. ಪದವನ್ನು ಕನ್ನಡ ಲಿಪಿಯಲ್ಲಿ ಬರೆದು ನೋಡಿದರೆ ಉತ್ತರ ಎದುರಿಗೇ ಇರುತ್ತದೆ. ‘ಯೂನಿವರ್ಸಿಟಿ’, ‘ಯುರೋಪಿಯನ್’, ‘ಯುಪಿಐ’ ಎಲ್ಲ ಯಕಾರದಿಂದ ಶುರುವಾಗುವುದರಿಂದ ‘ಎ’. ‘ಅವರ್’, ‘ಆನೆಸ್ಟ್’, ‘ಎಂಎಲ್‌ಎ’, ‘ಎಫ್‌ಐಆರ್’, ‘ಆರ್‌ಟಿಐ’ ಎಲ್ಲ ಅಕಾರ, ಆಕಾರ, ಎಕಾರದಿಂದ ಶುರುವಾಗುವುದರಿಂದ ‘ಆ್ಯನ್’. ಎಚ್ಚರ ಬೇಕಾದ್ದು ‘ಒನ್’ನಂಥ ಪದಗಳಲ್ಲಿ; ಕನ್ನಡದಲ್ಲಿ ಒಕಾರ ಹಾಕಿ ಬರೆದರೂ ಇಂಗ್ಲಿಷಿನಲ್ಲಿ ನುಡಿಯುವುದು ‘ವನ್’ ಎಂದು. ಹಾಗಾಗಿ ಒಂದು ರೂಪಾಯಿ ನಾಣ್ಯ ‘ಎ ಒನ್ ರುಪಿ ಕಾಯಿನ್’, ಎಂಟು ರೂಪಾಯಿಯ ಟಿಕೆಟ್ ‘ಆ್ಯನ್ ಏಟ್ ರುಪಿ ಟಿಕೆಟ್’.